'ನಮ್ಮ ಶಾಲೆ' ಎಂದರೆ ಯಾವ ಶಾಲೆ?

ಅರಸೀಕೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಉಯಿಲಿನ ಕರಡನ್ನೂ ಲಗತ್ತಿಸಿ ಬರೆದಿದ್ದಾರೆ: 'ನನ್ನ ಠೇವಣಿಯಲ್ಲಿ ಐದು ಲಕ್ಷ ರೂಪಾಯಿ ನಾನು ಪಾಠ ಮಾಡಿದ ಸರ್ಕಾರಿ ಶಾಲೆಗೆ ಸೇರಬೇಕು. ಆದರೆ ಬ್ಯಾಂಕಿನಲ್ಲಿ ಮಗ ನಾಮಿನಿ. ನೋಂದಣಿಯಾಗದ ಉಯಿಲು ನಡೆಯುವುದಿಲ್ಲ ಎನ್ನುತ್ತಾರೆ. ನಿಜವೇ?'

ಮೇಡಂ, ನೋಂದಣಿ ಕಡ್ಡಾಯವಲ್ಲ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕುವುದನ್ನು ಕಣ್ಣಾರೆ ಕಂಡು ತಾವೂ ಸಹಿ ಹಾಕುವ ಇಬ್ಬರು ಸಾಕ್ಷಿಗಳಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮುಖ್ಯವಾಗಿ ಕೇಳುವುದು ಇದನ್ನೇ. ಆದರೂ ಉಪನೋಂದಣಾಧಿಕಾರಿ ಕಚೇರಿಗೆ ಒಮ್ಮೆ ಹೋಗಿಬನ್ನಿ. 'ಇದು ಅಮ್ಮನ ಸಹಿಯೇ ಅಲ್ಲ' ಎಂದು ನಾಳೆ ಯಾರಾದರೂ ತಗಾದೆ ತೆಗೆದರೆ ಅದು ನೆರವಿಗೆ ಬರುತ್ತದೆ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ಓರಗೆಯ ಗೆಳತಿಯರನ್ನೇ ಕರೆದರೆ ಬೇಕಾದ ಹೊತ್ತಿಗೆ ಅವರೂ ಇರಲಿಕ್ಕಿಲ್ಲ. ಕಟುವಾಯಿತೇನೋ, ಕ್ಷಮಿಸಿ.

ನಾಮಿನಿ ಹಣ ಪಡೆದುಕೊಳ್ಳುವವರೇ ಹೊರತು ಒಡೆಯರಲ್ಲ. ಬ್ಯಾಂಕು ಮಗನ ಕೈಗೆ ಕೊಡುತ್ತದೆ, ಅವರು ಉಯಿಲಿನಂತೆ ಶಾಲೆಗೆ ತಲುಪಿಸಬೇಕು. ನಿಮ್ಮ ಸಂಬಳದ ಉಳಿತಾಯ ಸ್ವಯಾರ್ಜಿತ, ಅವರ ಒಪ್ಪಿಗೆ ಬೇಕಿಲ್ಲ. ಮಗನಿಗೆ ಹೇಳುವುದನ್ನು ಮಾತ್ರ ಈಗಲೇ ಹೇಳಿಬಿಡಿ.

ನನಗೆ ಅಳುಕು ಹುಟ್ಟಿಸಿದ್ದು ಕರಡಿನ ಒಂದು ಸಾಲು: 'ನಮ್ಮ ಶಾಲೆಯ ಬಡ ಮಕ್ಕಳಿಗೆ.' ನಮ್ಮ ಬಂಧುವೊಬ್ಬರು ಹೀಗೆಯೇ 'ಊರಿನ ಅನಾಥಾಶ್ರಮಕ್ಕೆ' ಎಂದು ಬರೆದಿಟ್ಟು ತೀರಿಕೊಂಡರು. ಊರಿನಲ್ಲಿದ್ದವು ಎರಡು ಆಶ್ರಮ. ಎರಡೂ ಕಡೆಯವರು ಬಂದು ಜಗಲಿಯ ಮೇಲೆ ಕುಳಿತರು. ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕೊಳೆಯಿತು.

ನಿಮ್ಮ ಜಿಲ್ಲೆಯ ಹಿಂದಿನವರು ಈ ವಿಷಯದಲ್ಲಿ ಬಲು ಜಾಣರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಅಭಿಷೇಕಕ್ಕೆಂದು ಗದ್ಯಾಣ, ಅಂದರೆ ಆ ಕಾಲದ ಚಿನ್ನದ ನಾಣ್ಯ, ಇಟ್ಟವರು, ಅದರ ಬಡ್ಡಿಯಿಂದ ನಿತ್ಯ ಎಷ್ಟು ಮಾನ ಹಾಲು ಎಂಬುದನ್ನೂ ಕಲ್ಲಿನಲ್ಲಿ ಕೊರೆಸಿದರು. ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ನಮ್ಮ ಎಷ್ಟೋ ದಾನಶಾಸನಗಳ ಕೊನೆಯಲ್ಲಿದೆ. ಶಾಪ ಬಿಡಿ, ಆ ಅಳತೆಯನ್ನು ಎರವಲು ತನ್ನಿ. ಶಾಲೆಯ ಪೂರ್ತಿ ಹೆಸರು, ಊರು, ತಾಲ್ಲೂಕು, ಪ್ರತಿ ಶಾಲೆಗೂ ಸರ್ಕಾರ ಕೊಡುವ ಯುಡೈಸ್ ಸಂಖ್ಯೆ ಬರೆಯಿರಿ. ಅಸಲು ದತ್ತಿಯಾಗಿ ಉಳಿದು ಬಡ್ಡಿಯಷ್ಟೇ ಖರ್ಚಾಗಬೇಕೇ? ನೋಟ್‌ಬುಕ್ಕಿಗೋ, ಕನ್ನಡದಲ್ಲಿ ಮೊದಲು ಬಂದವರಿಗೋ? ಮಕ್ಕಳಿಲ್ಲದೆ ಶಾಲೆಯೇ ಮುಚ್ಚಿದರೆ ಯಾವ ಶಾಲೆಗೆ? ಇವೂ ಇರಲಿ. 'ಐದು ಲಕ್ಷ' ಎನ್ನುವ ಬದಲು 'ಉಳಿದ ಠೇವಣಿಯ ಕಾಲು ಭಾಗ' ಎನ್ನಿ. ಆಸ್ಪತ್ರೆಯ ಖರ್ಚಿಗೆ ಗಂಟು ಕರಗಿದರೂ ಮಗನಿಗೂ ಶಾಲೆಗೂ ಪಾಲು ಉಳಿಯುತ್ತದೆ.

ಮನಸ್ಸು ಬದಲಾದರೆ ಇನ್ನೊಂದು ಉಯಿಲು ಬರೆಯಬಹುದು. ಅದರಲ್ಲಿ ಹಿಂದಿನದು ರದ್ದು ಎಂದು ಬರೆದು, ದಿನಾಂಕ ಹಾಕಲು ಮರೆಯಬೇಡಿ. ನೀವು ಕಳಿಸಿದ ಕರಡಿನಲ್ಲಿ ದಿನಾಂಕವೇ ಇಲ್ಲ.