ಇಂಜೆಕ್ಷನ್ ಶುರುವಾದರೆ ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದೇ?

ಪ್ರಶ್ನೆ: ತಂದೆಗೆ 61 ವರ್ಷ. ಕಳೆದ ವರ್ಷ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ದಿನಾ ಅಟೊರ್ವಾಸ್ಟಾಟಿನ್ 80 ಮಿ.ಗ್ರಾಂ. ತೆಗೆದುಕೊಂಡರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 112ರಲ್ಲೇ ನಿಂತಿದೆ. ಪಿಸಿಎಸ್‌ಕೆ9 ಎಂಬ ಪ್ರೋಟಿಯೇಸ್ ಕಿಣ್ವವನ್ನು ತಡೆಯುವ ಇಂಜೆಕ್ಷನ್ ಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಪ್ರೋಟೀನ್ ಕರಗಿಸುವ ಕಿಣ್ವವನ್ನು ತಡೆದರೆ ಜೀರ್ಣಕ್ಕೆ ತೊಂದರೆಯಾಗದೇ? ಇಂಜೆಕ್ಷನ್ ಶುರುವಾದ ಮೇಲೆ ಮಾತ್ರೆ ಬಿಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಜೀರ್ಣಕ್ಕೆ ಏನೂ ಆಗುವುದಿಲ್ಲ. ಊಟದ ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್, ಟ್ರಿಪ್ಸಿನ್‌ಗಳೇ ಬೇರೆ. ಪಿಸಿಎಸ್‌ಕೆ9 ಪ್ರೋಟಿಯೇಸ್ ಗುಂಪಿಗೆ ಸೇರಿದ್ದಾದರೂ ಅದು ಕತ್ತರಿಸುವುದು ತನ್ನನ್ನೇ, ಅದೂ ಒಂದೇ ಸಲ. ಲಿವರಿನಿಂದ ರಕ್ತಕ್ಕೆ ಬಂದ ಮೇಲೆ ಅದು ಮಾಡುವುದು ಅಂಟಿಕೊಳ್ಳುವ ಕೆಲಸ.

ಲಿವರಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಗ್ರಾಹಕಗಳಿರುತ್ತವೆ. ಬಾವಿಯ ಕೊಡಪಾನದಂತೆ ರಕ್ತದಿಂದ ಎಲ್‌ಡಿಎಲ್ ಸೇದಿ, ಕೋಶದೊಳಗೆ ಸುರಿದು, ಸುಮಾರು 10 ನಿಮಿಷದಲ್ಲಿ ಮತ್ತೆ ಇಳಿಯುತ್ತವೆ. ಪಿಸಿಎಸ್‌ಕೆ9 ಅಂಟಿದ ಕೊಡಪಾನ ಮರಳಿ ಇಳಿಯುವುದಿಲ್ಲ, ಒಳಗೇ ಚೂರಾಗುತ್ತದೆ. ಈ ಕಿಣ್ವ ಅತಿಯಾಗಿ ಕೆಲಸ ಮಾಡುವ ಕುಟುಂಬಗಳಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರುವುದು 2003ರಲ್ಲಿ ಫ್ರಾನ್ಸ್‌ನಲ್ಲಿ ಪತ್ತೆಯಾಯಿತು. ಹುಟ್ಟಿನಿಂದಲೇ ಅದು ದುರ್ಬಲವಾಗಿರುವವರಲ್ಲಿ ಹೃದ್ರೋಗ ಬಹಳ ಕಡಿಮೆ ಎಂದು 2006ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ತಡೆದರೆ ಏನಾದೀತೋ ಎಂಬ ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನವಿಲ್ಲ.

ಮಾತ್ರೆ ಬಿಡಬೇಡಿ. ತಂದೆಯವರ ಅಟೊರ್ವಾಸ್ಟಾಟಿನ್ ಸ್ಟಾಟಿನ್ ಗುಂಪಿನ ಮಾತ್ರೆ. ಸ್ಟಾಟಿನ್ ಈ ಗ್ರಾಹಕಗಳನ್ನು ಹೆಚ್ಚಿಸುತ್ತದೆ, ಜೊತೆಗೆ ಪಿಸಿಎಸ್‌ಕೆ9 ಅನ್ನೂ ಹೆಚ್ಚಿಸುತ್ತದೆ. ಡೋಸ್ ಇಮ್ಮಡಿ ಮಾಡಿದರೂ ಎಲ್‌ಡಿಎಲ್ ಸುಮಾರು 6%ರಷ್ಟೇ ಇಳಿಯಲು ಇದೂ ಒಂದು ಕಾರಣ. ಇಂಜೆಕ್ಷನ್ ಆ ತಡೆಯನ್ನು ತೆಗೆಯುತ್ತದೆ.

ಮಾತ್ರೆ ತಪ್ಪುತ್ತಿಲ್ಲವೇ ನೋಡಿ, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ 10 ಮಿ.ಗ್ರಾಂ. ಸೇರಿಸಿದರೆ ಇನ್ನೂ 20%ದಷ್ಟು ಇಳಿದು 90ರ ಹತ್ತಿರ ಬಂದೀತು. ಸ್ಟೆಂಟ್ ಹಾಕಿದವರಿಗೆ 55ರ ಕೆಳಗೆ ಬರಬೇಕು, ಹಾಗಾಗಿ ಡಾಕ್ಟರ ಮಾತು ಸರಿಯೇ. ಇಂಥ ಇಂಜೆಕ್ಷನ್‌ಗಳಲ್ಲಿ ಒಂದು ಎವೊಲೊಕುಮ್ಯಾಬ್: 140 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ, ಎಲ್‌ಡಿಎಲ್ ಸುಮಾರು 60% ಇಳಿಯುತ್ತದೆ. ಇನ್‌ಕ್ಲಿಸಿರಾನ್ ಎಂಬ ಇನ್ನೊಂದು ಇಂಜೆಕ್ಷನ್ ಲಿವರಿನಲ್ಲಿ ಈ ಕಿಣ್ವ ತಯಾರಾಗುವುದನ್ನೇ ತಗ್ಗಿಸುತ್ತದೆ: ಮೊದಲ ಡೋಸ್, 3 ತಿಂಗಳಿಗೆ ಎರಡನೆಯದು, ಆಮೇಲೆ 6 ತಿಂಗಳಿಗೊಮ್ಮೆ. ಪದೇಪದೇ ಮಂಗಳೂರಿಗೆ ಹೋಗಲಾಗದವರಿಗೆ ಇದು ಅನುಕೂಲ.

ಎವೊಲೊಕುಮ್ಯಾಬ್ ತರುವಾಗ ಜಾಗ್ರತೆ. 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಬಸ್ಸಿನಲ್ಲಿ ತರುವಾಗ ಐಸ್‌ಪ್ಯಾಕ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ. ಚುಚ್ಚುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ಹೊರಗಿಡಿ; ಕುಲುಕಬೇಡಿ, ಬಿಸಿನೀರಿಗೆ ಹಾಕಬೇಡಿ. ಹೊಟ್ಟೆಯಾದರೆ ಹೊಕ್ಕುಳಿನಿಂದ ಎರಡು ಇಂಚು ದೂರ, ಇಲ್ಲವೇ ತೊಡೆ; ಪ್ರತಿ ಸಲ ಜಾಗ ಬದಲಿಸಿ.

ಇನ್ನೊಂದು ಮಾತು. 80 ಮಿ.ಗ್ರಾಂ. ಸ್ಟಾಟಿನ್ ಸಾಮಾನ್ಯವಾಗಿ ಎಲ್‌ಡಿಎಲ್ ಅನ್ನು ಅರ್ಧಕ್ಕೆ ಇಳಿಸುತ್ತದೆ. ಹಾಗಾದರೆ ತಂದೆಯವರದ್ದು ಮೊದಲು 220ರ ಆಸುಪಾಸು ಇದ್ದಿರಬೇಕು. ಹಳೆಯ ರಿಪೋರ್ಟ್ ಹುಡುಕಿ. 190 ದಾಟಿದ್ದರೆ ವಂಶವಾಹಿಯ ತೊಂದರೆ ಇದ್ದೀತು. ಆಗ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನೀವೂ ನಿಮ್ಮ ಒಡಹುಟ್ಟಿದವರೂ ಈ ತಿಂಗಳೇ ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳಿ.