ರಿಪೋರ್ಟ್ ಚೆನ್ನಾಗಿದೆ ಅಂತ ಮಾತ್ರೆ ತಪ್ಪಿಸಬೇಡಿ

ಸಿಎಂಎಲ್‌ಗೆ (ನಿಧಾನವಾಗಿ ಬೆಳೆಯುವ ಒಂದು ರಕ್ತದ ಕ್ಯಾನ್ಸರ್) ಎರಡು ವರ್ಷದಿಂದ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಿದ್ದೀರಿ, ಬಿಸಿಆರ್-ಎಬಿಎಲ್ (ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿ) 0.1%ಗಿಂತ ಕೆಳಗಿಳಿದಿದೆ, ಆದರೆ ರಾತ್ರಿ ಕಾಲು ಹಿಡಿದುಕೊಳ್ಳುತ್ತದೆ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ಹಾಗೆ ಮಾಡಬೇಡಿ.

ಆ ನೋವು ನನಗೆ ಚೆನ್ನಾಗಿ ಗೊತ್ತು. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನಡುರಾತ್ರಿ ಎದ್ದು ಗೋಡೆಗೆ ಪಾದ ಒತ್ತಿಕೊಂಡು ನಿಲ್ಲಬೇಕು. ಬೆಳಿಗ್ಗೆ ಕಣ್ಣಿನ ರೆಪ್ಪೆ ಬೇರೆ ಊದಿರುತ್ತದೆ. ಒಂಬತ್ತು ವರ್ಷದಿಂದ ಇದೇ ಮಾತ್ರೆ ನನ್ನದೂ.

0.1% ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಮಾತ್ರೆ ಅದುಮಿ ಹಿಡಿದಿರುವುದರಿಂದ ಆ ಅಂಕಿ ಕೆಳಗಿದೆ, ಕಾಯಿಲೆ ಬೇರುಸಹಿತ ಹೋಗಿದೆ ಅಂತಲ್ಲ. ಪದೇ ಪದೇ ತಪ್ಪಿಸಿದರೆ ಅದು ಮತ್ತೆ ಏರಬಹುದು. ಪೂರ್ತಿ ನಿಲ್ಲಿಸುವ ದಾರಿಯೂ ಇದೆ. ಸಾಮಾನ್ಯವಾಗಿ ಕನಿಷ್ಠ 3 ವರ್ಷ ಔಷಧಿ ಆಗಿರಬೇಕು, ಅದರಲ್ಲಿ 2 ವರ್ಷವಾದರೂ 0.01% ಅಥವಾ ಅದಕ್ಕಿಂತ ಕೆಳಗೇ ಇರಬೇಕು. ಆಮೇಲೂ ಮೊದಲು ತಿಂಗಳು ತಿಂಗಳು ರಕ್ತಪರೀಕ್ಷೆ. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನರಿಗೆ ಕಾಯಿಲೆ ಮರಳುತ್ತದೆ, ಜಾಸ್ತಿ ಮೊದಲ 6 ತಿಂಗಳಲ್ಲೇ. ಮತ್ತೆ ಮಾತ್ರೆ ಶುರು ಮಾಡಿದರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ.

ಕಾಲುನೋವನ್ನು ಸುಮ್ನೆ ಸಹಿಸಿಕೊಳ್ಳಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ನೋಡಿಸಿ. ಡೋಸ್ ಇಳಿಸುವುದು, ಡಸಾಟಿನಿಬ್ ತರಹ ಬೇರೆ ಮಾತ್ರೆಗೆ ಬದಲಿಸುವುದು ಡಾಕ್ಟರ ಕೈಯಲ್ಲಿದೆ. ಎಷ್ಟು ರಾತ್ರಿ ಕಾಲು ಹಿಡಿಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ನಾನು ಹಾಗೆ ತೋರಿಸಿದ ಮೇಲೆಯೇ 400 ಮಿ.ಗ್ರಾಂ. ಇದ್ದದ್ದನ್ನು 300ಕ್ಕೆ ಇಳಿಸಿದ್ದು.