ತಯಾರಿಕೆ ನಿಂತುಹೋದ ಹಳೆಯ ಬಾರ್ಬೆಕ್ಯೂ ಸಾಸಿನ ರೆಸಿಪಿಯನ್ನು ಕಂಡುಹಿಡಿಯುವುದು ಹೇಗೆ?

1970ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಬಂದು ನೆಲೆಸಿದ ನಿಮ್ಮ ತಂದೆಯವರು ಪ್ರತಿ ಬೇಸಿಗೆಯಲ್ಲೂ ಕೋಳಿಗೆ ಸವರುತ್ತಿದ್ದ ಸ್ಥಳೀಯ ಬಾರ್ಬೆಕ್ಯೂ ಸಾಸ್ ಈಗ ತಯಾರಾಗುತ್ತಿಲ್ಲವೆಂದೂ, ಗ್ಯಾರೇಜಿನಲ್ಲಿ ಸಿಕ್ಕ ಒಂದು ಹಳೆಯ ಬಾಟಲಿಯ ಲೇಬಲ್ ಮಾತ್ರ ನಿಮ್ಮ ಬಳಿ ಉಳಿದಿದೆಯೆಂದೂ, ಅದರ ಮೂಲ ರೆಸಿಪಿ ಎಲ್ಲಿ ದೊರೆತೀತೆಂದೂ ಕೇಳಿದ್ದೀರಿ. ನಾನು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಆಹಾರ ತಂತ್ರಜ್ಞಾನ ಕಲಿತು, ಬಳಿಕ ಅಮೆರಿಕದಲ್ಲಿ ಸಾಸ್ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬಹುಕಾಲ ಕೆಲಸ ಮಾಡಿದವನು. ಕಂಪನಿಯ ಮೂಲ ಕಾಗದ ನಿಮ್ಮ ಕೈಸೇರುವ ಸಾಧ್ಯತೆ ತೀರಾ ಕಡಿಮೆ. ಆದರೆ ನೀವು ಪ್ರಶ್ನೆಯಲ್ಲಿ ಬರೆದಿರುವ ಲೇಬಲಿನ ವಿವರಗಳೊಳಗೇ ರೆಸಿಪಿಯ ಬಹುಪಾಲು ಇದೆ; ಅದನ್ನು ಲೆಕ್ಕ ಹಾಕಿ ಹೊರತೆಗೆಯಬಹುದು.

ಮೂಲ ಕಾಗದ ಸಿಗದಿರುವುದಕ್ಕೆ ಕಾರಣವಿದೆ. ಪೇಟೆಂಟ್ ಪಡೆಯಬೇಕಾದರೆ ವಿಧಾನವನ್ನು ಬಹಿರಂಗಪಡಿಸಬೇಕಾಗುವುದರಿಂದ ಸಾಸಿನ ಸೂತ್ರಗಳನ್ನು ಸಾಮಾನ್ಯವಾಗಿ ವ್ಯಾಪಾರ ರಹಸ್ಯವಾಗಿಯೇ ಇಟ್ಟುಕೊಳ್ಳುತ್ತಾರೆ, ಬ್ರ್ಯಾಂಡ್ ಮಾರಾಟವಾದಾಗ ಸೂತ್ರವೂ ಅದರೊಂದಿಗೆ ಕೈಬದಲಾಗುತ್ತದೆ. ಅದೇ ಕ್ಯಾನ್ಸಸ್ ಸಿಟಿಯ ಮನೋವೈದ್ಯ ರಿಚ್ ಡೇವಿಸ್ ಅವರು ಹುಟ್ಟುಹಾಕಿದ ಕೆಸಿ ಮಾಸ್ಟರ್‌ಪೀಸ್ ಸಾಸ್ 1986ರಲ್ಲಿ ಕ್ಲೋರಾಕ್ಸ್ ಕಂಪನಿಯ ಕಿಂಗ್ಸ್‌ಫರ್ಡ್ ವಿಭಾಗದ ಪಾಲಾದದ್ದು ಇದಕ್ಕೊಂದು ಪ್ರಸಿದ್ಧ ಉದಾಹರಣೆ. ನಿಮ್ಮ ಬ್ರ್ಯಾಂಡಿನ ಹೆಸರನ್ನು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಉಚಿತ ಹುಡುಕಾಟದಲ್ಲಿ ನೋಡಿ. ನೋಂದಣಿಯಾಗಿದ್ದರೆ ಅದರ ಕೊನೆಯ ಒಡೆಯರು ಯಾರೆಂದು ತಿಳಿಯುತ್ತದೆ. ಅವರಿಗೊಂದು ಪತ್ರ ಬರೆಯುವುದರಲ್ಲಿ ನಷ್ಟವೇನೂ ಇಲ್ಲ. ಆದರೆ ಆ ಉತ್ತರಕ್ಕಾಗಿ ಕಾಯುತ್ತ ಕೂರಬೇಡಿ.

ಇನ್ನು ಲೇಬಲಿಗೆ ಬರೋಣ. ಅಮೆರಿಕದ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಶೇ. 2ಕ್ಕಿಂತ ಹೆಚ್ಚಿಲ್ಲದವುಗಳನ್ನು ಮಾತ್ರ ಆ ಮಾತನ್ನು ನಮೂದಿಸಿ, ಯಾವ ಕ್ರಮದಲ್ಲಾದರೂ ಕೊನೆಗೆ ಸೇರಿಸಬಹುದು. ನಿಮ್ಮ ಬಾಟಲಿಯ ಮೇಲೆ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ತಯಾರಿಸುವ ಸಿಹಿ ಪಾಕ), ನೀರು, ಟೊಮ್ಯಾಟೊ ಪೇಸ್ಟ್, ವಿನೆಗರ್, ಮೊಲಾಸಸ್ (ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಕಾಕಂಬಿ), ಉಪ್ಪು ಎಂಬ ಕ್ರಮವಿದೆ. ಅದರ ನಂತರ ಶೇ. 2ರ ಸಾಲು ಆರಂಭವಾಗಿ ಮಾರ್ಪಡಿಸಿದ ಪಿಷ್ಟ, ಮಸಾಲೆಗಳು, ಒಣ ಈರುಳ್ಳಿ, ಒಣ ಬೆಳ್ಳುಳ್ಳಿ, ಹೊಗೆಯ ಪರಿಮಳ ಬರುತ್ತವೆ. ಪಕ್ಕದ ಪೋಷಕಾಂಶಗಳ ಪಟ್ಟಿಯಲ್ಲಿ 35 ಗ್ರಾಂ ಸಾಸಿಗೆ 10 ಗ್ರಾಂ ಸಕ್ಕರೆ, 310 ಮಿಲಿಗ್ರಾಂ ಸೋಡಿಯಂ ಎಂದಿದೆ. ಈ ಪಟ್ಟಿ 1994ರಿಂದ ಕಡ್ಡಾಯವಾದದ್ದರಿಂದ ನಿಮ್ಮ ಬಾಟಲಿ ಹೆಚ್ಚುಕಡಿಮೆ ಆ ವರ್ಷದ ಈಚಿನದು, ಮತ್ತು ನಮಗೆ ಅತ್ಯಂತ ಬೆಲೆಬಾಳುವುದು ಈ ಎರಡು ಅಂಕಿಗಳೇ.

ಮೊದಲು ಉಪ್ಪು. ಉಪ್ಪಿನ ತೂಕದಲ್ಲಿ ಸೋಡಿಯಂ ಸುಮಾರು ಶೇ. 39.3. ಆದ್ದರಿಂದ 310 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 0.79 ಗ್ರಾಂ ಉಪ್ಪು. 35 ಗ್ರಾಂ ಸಾಸಿನಲ್ಲಿ ಅದು ಶೇ. 2.25 ಆಗುತ್ತದೆ. ಒಂದು ಕಿಲೋ ಸಾಸಿಗೆ 22 ಗ್ರಾಂ ಎಂದಿಟ್ಟುಕೊಳ್ಳಿ. ಉಪ್ಪಿನ ಹೆಸರು ಶೇ. 2ರ ಸಾಲಿಗಿಂತ ತುಸು ಮುಂಚೆಯೇ ಬಂದಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಇಲ್ಲಿಗೆ ಎರಡು ಸಂಗತಿಗಳು ಖಚಿತವಾದವು: ಮೊಲಾಸಸ್ 22 ಗ್ರಾಂಗಿಂತ ಕಡಿಮೆ ಇರುವಂತಿಲ್ಲ, ಮತ್ತು ಪಿಷ್ಟದಿಂದ ಹಿಡಿದು ಹೊಗೆಯ ಪರಿಮಳದವರೆಗಿನ ಯಾವುದೂ 20 ಗ್ರಾಂ ದಾಟುವಂತಿಲ್ಲ.

ಸಕ್ಕರೆಯ ಲೆಕ್ಕ ಸ್ವಲ್ಪ ದೀರ್ಘವಾದದ್ದು. 35 ಗ್ರಾಂಗೆ 10 ಗ್ರಾಂ ಎಂದರೆ ಒಂದು ಕಿಲೋಗೆ ಸುಮಾರು 286 ಗ್ರಾಂ. ಅದರಲ್ಲಿ ಒಂದಷ್ಟು ಟೊಮ್ಯಾಟೊ ಪೇಸ್ಟಿನದು, ಒಂದಷ್ಟು ಮೊಲಾಸಸ್ಸಿನದು. ನೂರು ಗ್ರಾಂ ಪೇಸ್ಟಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ, ಮೊಲಾಸಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು. 200 ಗ್ರಾಂ ಪೇಸ್ಟು, 60 ಗ್ರಾಂ ಮೊಲಾಸಸ್ ಎಂದು ಊಹಿಸಿದರೆ ಅವೆರಡರಿಂದ ಸುಮಾರು 65 ಗ್ರಾಂ ಸಕ್ಕರೆ ಬಂದು, ಉಳಿದ 220 ಗ್ರಾಂ ಕಾರ್ನ್ ಸಿರಪ್ಪಿನಿಂದ ಬಂದಿರಬೇಕು. ಆ ಸಿರಪ್ಪಿನಲ್ಲಿ ನಾಲ್ಕನೇ ಒಂದು ಭಾಗದಷ್ಟು ನೀರೇ ಇರುವುದರಿಂದ ಸಿರಪ್ಪಿನ ತೂಕ ಸುಮಾರು 300 ಗ್ರಾಂ ಆಗುತ್ತದೆ. ವಿನೆಗರ್ 150 ಗ್ರಾಂ, ಉಪ್ಪು 22, ಸಣ್ಣಪುಟ್ಟ ಪದಾರ್ಥಗಳು 35 ಗ್ರಾಂ ಸೇರಿಸಿದರೆ ನೀರಿಗೆ ಉಳಿಯುವುದು 233 ಗ್ರಾಂ. ಈಗ ತೂಕದ ಕ್ರಮವನ್ನು ಲೇಬಲಿನೊಂದಿಗೆ ಹೋಲಿಸಿ ನೋಡಿ: ಸಿರಪ್, ನೀರು, ಪೇಸ್ಟು, ವಿನೆಗರ್, ಮೊಲಾಸಸ್, ಉಪ್ಪು, ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇವೆ. ಊಹೆ ತೀರಾ ತಪ್ಪಾಗಿದ್ದರೆ ಈ ಕ್ರಮ ಎಲ್ಲಾದರೂ ಮುರಿಯುವ ಸಾಧ್ಯತೆಯಿತ್ತು. ಇದೊಂದೇ ಸರಿಯಾದ ಉತ್ತರವೆಂದು ನಾನು ಹೇಳಲಾರೆ, ಆದರೆ ಮೊದಲ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಅಡಿಪಾಯ ಬೇಕಿಲ್ಲ. ವಿನೆಗರಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಕಾರ್ಖಾನೆಗಳು ಮನೆಬಳಕೆಯ ಶೇ. 5ರ ವಿನೆಗರಿಗಿಂತ ಗಟ್ಟಿಯಾದ ಶೇ. 10ರ ಅಥವಾ 20ರ ವಿನೆಗರನ್ನು ತರಿಸುವುದುಂಟು. ಹಾಗಾಗಿ ಹುಳಿಯನ್ನು ತೂಕದಿಂದಲ್ಲ, ನಾಲಗೆಯಿಂದಲೇ ನಿರ್ಧರಿಸಬೇಕು.

ಆದರೆ ನಿಮ್ಮ ತಂದೆಯವರ ನೆನಪಿನಲ್ಲಿರುವುದು ಈ ಬಾಟಲಿಯ ಸಾಸ್ ಆಗಿರಲಾರದು ಎಂಬುದು ನನ್ನ ಅಭಿಪ್ರಾಯ. ಹೈ ಫ್ರಕ್ಟೋಸ್ ಕಾರ್ನ್ ಸಿರಪ್ಪಿನ ವಾಣಿಜ್ಯ ಉತ್ಪಾದನೆ ಅಯೋವಾ ರಾಜ್ಯದಲ್ಲಿ ಆರಂಭವಾದದ್ದೇ 1967ರಲ್ಲಿ, ಅದು ಎಲ್ಲೆಡೆ ಸಕ್ಕರೆಯ ಜಾಗವನ್ನು ಹಿಡಿದದ್ದು ಮುಂದಿನ ಎರಡು ದಶಕಗಳಲ್ಲಿ. 1970ರ ದಶಕದ ಆರಂಭದಲ್ಲಿ ಅವರು ಕೊಂಡ ಸಾಸಿನಲ್ಲಿ ಸಾಮಾನ್ಯ ಸಕ್ಕರೆಯೇ ಇದ್ದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ನೀವು 300 ಗ್ರಾಂ ಸಿರಪ್ಪಿನ ಬದಲು 220 ಗ್ರಾಂ ಸಕ್ಕರೆ ಹಾಕಿ, ನೀರನ್ನು 80 ಗ್ರಾಂ ಹೆಚ್ಚಿಸಿ. ಒಟ್ಟು ತೂಕ ಬದಲಾಗುವುದಿಲ್ಲ, ಮತ್ತು ಅಂಗಡಿಯಲ್ಲಿ ಸಿಗದ ಪದಾರ್ಥವನ್ನು ಹುಡುಕುವ ಕಷ್ಟವೂ ತಪ್ಪುತ್ತದೆ.

ಮಸಾಲೆಯ ವಿಷಯದಲ್ಲಿ ಕಾನೂನೇ ತಯಾರಕರ ಗುಟ್ಟನ್ನು ಕಾಯುತ್ತದೆ, ಏಕೆಂದರೆ ಮೆಣಸು, ಲವಂಗ, ಆಲ್‌ಸ್ಪೈಸ್ (ಲವಂಗದಂಥ ಪರಿಮಳವಿರುವ ಒಂದು ಒಣಕಾಯಿ), ಸೆಲರಿ ಬೀಜ ಎಲ್ಲವನ್ನೂ ‘ಮಸಾಲೆಗಳು’ ಎಂಬ ಒಂದೇ ಮಾತಿನೊಳಗೆ ಅಡಗಿಸಲು ಅನುಮತಿ ಇದೆ. ಆದರೂ ಅದೇ ಕಾನೂನು ಎರಡು ಸುಳಿವುಗಳನ್ನು ಬಿಟ್ಟುಕೊಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಪುಡಿಗಳನ್ನು ಹೆಸರಿಸಲೇಬೇಕು. ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಮತ್ತು ಅರಿಸಿನ ಬಣ್ಣವನ್ನೂ ಕೊಡುವುದರಿಂದ ಅವುಗಳ ಹೆಸರನ್ನಾಗಲಿ, ಬಣ್ಣವಿದೆ ಎಂಬುದನ್ನಾಗಲಿ ಹೇಳಲೇಬೇಕು. ನಿಮ್ಮ ಲೇಬಲಿನಲ್ಲಿ ಈವರೆಗೆ ಅವೆರಡೂ ಕಾಣುತ್ತಿಲ್ಲವಾದ್ದರಿಂದ ಕೆಂಪು ಬರಲೆಂದು ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕುವ ನಮ್ಮ ಅಡುಗೆಮನೆಯ ಅಭ್ಯಾಸವನ್ನು ಸದ್ಯಕ್ಕೆ ತಡೆಹಿಡಿಯಿರಿ. ಆ ಬಣ್ಣ ಟೊಮ್ಯಾಟೊ ಮತ್ತು ಮೊಲಾಸಸ್ಸಿನದೇ ಇರಬೇಕು. ಒಂದು ಕಿಲೋಗೆ ಕರಿಮೆಣಸಿನ ಪುಡಿ 2 ಗ್ರಾಂ, ಆಲ್‌ಸ್ಪೈಸ್ 1 ಗ್ರಾಂ, ಲವಂಗ ಕಾಲು ಗ್ರಾಂನಿಂದ ಆರಂಭಿಸುವುದು ಈ ಪ್ರದೇಶದ ಸಿಹಿ, ಗಟ್ಟಿ ಸಾಸುಗಳಿಗೆ ನನ್ನ ಮಟ್ಟಿಗೆ ಸರಿಯಾದ ಅಳತೆ. ಈರುಳ್ಳಿ ಪುಡಿ 6 ಗ್ರಾಂ, ಬೆಳ್ಳುಳ್ಳಿ ಪುಡಿ 2 ಗ್ರಾಂ, ಮಾರ್ಪಡಿಸಿದ ಪಿಷ್ಟದ ಬದಲು ಮೆಕ್ಕೆಜೋಳದ ಬಿಳಿ ಪಿಷ್ಟ, ಅಂದರೆ ನಮ್ಮ ಕಾರ್ನ್‌ಫ್ಲೋರ್ (ಅಮೆರಿಕದಲ್ಲಿ ಕಾರ್ನ್‌ಸ್ಟಾರ್ಚ್), 15 ಗ್ರಾಂ ಸಾಕು. ಹೊಗೆಯ ಪರಿಮಳಕ್ಕೆ ಬಳಸುವ ದ್ರವರೂಪದ ಹೊಗೆಯನ್ನು (ಲಿಕ್ವಿಡ್ ಸ್ಮೋಕ್) ಹನಿಹನಿಯಾಗಿ ಮಾತ್ರ ಸೇರಿಸಿ, ಒಮ್ಮೆ ಹೆಚ್ಚಾದರೆ ಅದನ್ನು ಮರೆಮಾಡುವ ಪದಾರ್ಥವಿಲ್ಲ.

ಪ್ರತಿ ಪ್ರಯೋಗವನ್ನೂ 300 ಗ್ರಾಂನಷ್ಟು ಸಣ್ಣದಾಗಿ ಮಾಡಿ, ಮಸಾಲೆಗೆ 0.01 ಗ್ರಾಂ ತೋರಿಸುವ ತಕ್ಕಡಿ ಬಳಸಿ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಸಾಸು ಕುದಿ ಬಂದು ಗಟ್ಟಿಯಾಗುವವರೆಗೆ ಕಲಕುತ್ತಿರಿ. ರುಚಿಯನ್ನು ಅಂದೇ ತೀರ್ಮಾನಿಸಬೇಡಿ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ವಿನೆಗರಿನ ಮೊನಚು ಇಳಿದು ಮಸಾಲೆ ಹರಡಿರುತ್ತದೆ. ತಂದೆಯವರಿಗೆ ಚಮಚದಲ್ಲಿ ಕೊಡದೆ, ಅವರು ಮಾಡುತ್ತಿದ್ದಂತೆಯೇ ಕೋಳಿಗೆ ಸವರಿ, ಬೆಂಕಿಯ ಮೇಲೆ ಸುಟ್ಟು ಕೊಡಿ, ಏಕೆಂದರೆ ಅವರ ನೆನಪಿನ ರುಚಿಯಲ್ಲಿ ಸಕ್ಕರೆ ಕಂದಿದ ಕಹಿಯೂ ಸೇರಿದೆ. ಚೆನ್ನಾಗಿದೆಯೇ ಎಂದು ಕೇಳುವುದಕ್ಕಿಂತ ಹುಳಿ ಹೆಚ್ಚಿತ್ತೇ, ಸಾಸು ಬಾಟಲಿಯಿಂದ ತಾನಾಗಿ ಸುರಿಯುತ್ತಿತ್ತೇ ಅಥವಾ ಬುಡ ತಟ್ಟಬೇಕಿತ್ತೇ ಎಂಬಂಥ ಪ್ರಶ್ನೆಗಳನ್ನು ಕೇಳಿದರೆ ಉಪಯುಕ್ತ ಉತ್ತರ ಸಿಗುತ್ತದೆ. ಹಳೆಯ ಬಾಟಲಿಯಲ್ಲಿ ಸಾಸು ಉಳಿದಿದ್ದರೂ ಅದನ್ನು ಮಾತ್ರ ನಾಲಗೆಗೆ ಹಚ್ಚಬೇಡಿ. ಅಷ್ಟು ವರ್ಷ ಬಿಸಿಲು ಚಳಿಗಳನ್ನು ಕಂಡ ಸಾಸಿನ ರುಚಿ ನಿಮ್ಮನ್ನು ದಾರಿ ತಪ್ಪಿಸುತ್ತದೆ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಲೇಬಲಿನ ಕೊನೆಯ ಸಾಲು ಅಳಿಸಿಹೋಗಿದೆ ಎಂದು ಬರೆದಿದ್ದೀರಿ. ಅದನ್ನು ಓರೆ ಬೆಳಕಿನಲ್ಲಿ ಹಿಡಿದು ಮತ್ತೊಮ್ಮೆ ಓದಲು ಪ್ರಯತ್ನಿಸಿ. ಅಲ್ಲಿ ಹುಣಸೆ ಮತ್ತು ಆಂಚೊವಿ ಮೀನಿನ ಹೆಸರುಗಳು ಜೊತೆಯಾಗಿ ಕಂಡರೆ ಸಾಸಿನಲ್ಲಿ ವೂಸ್ಟರ್‌ಶೈರ್ ಎಂಬ ಇಂಗ್ಲಿಷ್ ಹುಳಿ ಸಾಸ್ ಇತ್ತೆಂದೇ ಅರ್ಥ. ಆಗ ಅದರ ಉಪ್ಪನ್ನೂ ಎಣಿಸಿ, ಮೇಲಿನ 22 ಗ್ರಾಂ ಉಪ್ಪಿನಲ್ಲಿ ಅಷ್ಟನ್ನು ಕಳೆಯಬೇಕಾಗುತ್ತದೆ.